ಅತಿಭಾರಾರೋಪಣ: ಸ್ಥೂಲದೇಹದ ಆರಾಧನೆಯ ಕುರಿತು ಒಂದು ವಿಮರ್ಶೆ

ದೇಹವನ್ನು ಕುರಿತ ಮೋಹವು ಎರಡು ಮುಖಗಳಲ್ಲಿ ಪ್ರಕಟವಾಗುತ್ತದೆ. ಒಂದು, ಇರುವ ದೇಹವನ್ನು ಸವೆಸಿ ಸವೆಸಿ ಕಡ್ಡಿಯಂತೆ ಮಾಡಿಕೊಳ್ಳಬೇಕೆಂಬ ಹಂಬಲ. ಇನ್ನೊಂದು, ಅದನ್ನು ಉಬ್ಬಿಸಿ ಬೆಳೆಸಿ ಅದರ ಗಾತ್ರದಲ್ಲಿಯೇ ಸುಖವನ್ನು ಕಾಣುವ ಹಂಬಲ. ಮೊದಲನೆಯದನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಎರಡನೆಯದು ನಮ್ಮ ಕುಟುಂಬಗಳಿಗೆ ಹೊಸದೆಂಬಂತೆ ತೋರಿದರೂ ಪೂರ್ತಿ ಹೊಸದಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಇದೊಂದು ಪ್ರತ್ಯೇಕ ರುಚಿಯಾಗಿ, ಪಂಗಡವಾಗಿಯೇ ಬೆಳೆದಿದೆ. ಉದ್ದೇಶಪೂರ್ವಕವಾಗಿ ತೂಕವನ್ನು ಏರಿಸಿಕೊಳ್ಳುವವರು, ಅವರಿಗೆ ಉಣಿಸಿ ಆ ಏರಿಕೆಯನ್ನು ಕಂಡು ಹರ್ಷಿಸುವವರು, ಸ್ಥೂಲದೇಹವನ್ನೇ ಸೌಂದರ್ಯದ ಪರಮಾವಧಿಯೆಂದು ಆರಾಧಿಸುವವರು, ಹೀಗೆ ಅದರಲ್ಲಿ ಹಲವು ಬಗೆಯವರಿದ್ದಾರೆ. ಇದನ್ನು ನಗೆಯ ವಸ್ತುವೆಂದು ತಳ್ಳಿಹಾಕುವುದು ಸುಲಭ. ಶ್ರಾವಕಾಚಾರದ ಬೆಳಕಿನಲ್ಲಿ ಇದನ್ನು ಪರಿಶೀಲಿಸಿದರೆ ನಮ್ಮ ಮನೆಗಳಲ್ಲಿಯೇ ಅಡಗಿರುವ ಕೆಲವು ದೋಷಗಳು ಕಾಣಿಸಿಕೊಳ್ಳುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ನಮ್ಮ ಸೀಮೆಯನ್ನೇ ನೋಡೋಣ. ಶ್ರೀರಂಗಪಟ್ಟಣದಿಂದ 1638ರಿಂದ 1659ರವರೆಗೆ ರಾಜ್ಯವಾಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಮಲ್ಲವಿದ್ಯೆಗೆ ಹೆಸರಾದವರು. ತಿರುಚಿರಾಪಳ್ಳಿಯ ಜಟ್ಟಿಯನ್ನು ಅವರು ಕೆಡವಿದ ಕಥೆಯನ್ನು ಹಳೆಯ ಮೈಸೂರು ಸೀಮೆಯಲ್ಲಿ ಕೇಳದವರು ವಿರಳ. ಈ ಭಾಗದಲ್ಲಿ ಗರಡಿಮನೆಗಳ ಪರಂಪರೆ ಇನ್ನೂ ಸಂಪೂರ್ಣವಾಗಿ ನಶಿಸಿಲ್ಲ. ಗರಡಿಯ ಪೈಲ್ವಾನನು ಹಾಲು, ತುಪ್ಪ, ಬಾದಾಮಿಗಳನ್ನು ಲೆಕ್ಕವಿಟ್ಟು ತಿಂದು ಮೈ ಬೆಳೆಸುತ್ತಾನೆ. ಇದೂ ಉದ್ದೇಶಪೂರ್ವಕವಾದ ತೂಕದ ಏರಿಕೆಯೇ. ಆದರೆ ಅಲ್ಲಿ ತೂಕವು ಸಾಧನ. ಅಖಾಡದ ಮಣ್ಣಿನಲ್ಲಿ ನೂರಾರು ದಂಡ, ಬಸ್ಕಿಗಳಿಂದ ಅದಕ್ಕೆ ಪ್ರತಿದಿನವೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಸಾಧನೆ ನಿಂತು ಊಟ ಮಾತ್ರ ಮುಂದುವರಿದಾಗ ಅದೇ ಮೈ ಪೈಲ್ವಾನನಿಗೆ ಹೊರೆಯಾಗುವುದನ್ನೂ ಊರಿನವರು ಬಲ್ಲರು. ಜಪಾನಿನ ಸುಮೋ ಮಲ್ಲರ ವಿಷಯವೂ ಇದೇ. ‘ಚಾಂಕೊ’ ಎಂಬ ಅಡುಗೆಯನ್ನು ರಾಶಿಯಾಗಿ ಉಂಡು ಬೆಳೆಸಿದ ದೇಹವು ಅವರಿಗೆ ಕೀರ್ತಿಯನ್ನು ಕೊಡುವಂತೆಯೇ ರೋಗಗಳನ್ನೂ ಕೊಡುತ್ತದೆ.

ಗರಡಿಯ ಸಂಯಮವಿಲ್ಲದೆ ಕೇವಲ ಹೊಟ್ಟೆಯ ಶಕ್ತಿಯನ್ನು ಮೆರೆಸುವ ಪ್ರದರ್ಶನವೂ ನಮ್ಮಲ್ಲಿದೆ. ಮಂಡ್ಯ ಜಿಲ್ಲೆಯ ರಾಗಿಮುದ್ದೆ ತಿನ್ನುವ ಸ್ಪರ್ಧೆಗಳು ನಾಡಿನಲ್ಲೆಲ್ಲ ಹೆಸರಾಗಿವೆ. ಅಲ್ಲಿ ಮುದ್ದೆಯ ಜೊತೆಗೆ ನಾಟಿಕೋಳಿ ಸಾರು ಬಡಿಸುವ ವಿಷಯವನ್ನು ಜೈನ ವಾಚಕರ ಮುಂದೆ ಹೆಚ್ಚು ಹೇಳಬೇಕಾದ್ದಿಲ್ಲ. ಅದನ್ನು ಬದಿಗಿಟ್ಟು ನೋಡಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಸಿವು ತೀರಿದ ಮೇಲೆಯೂ ಒಬ್ಬನು ನುಂಗುತ್ತಿರುವಾಗ ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರಲ್ಲ, ಆ ಚಪ್ಪಾಳೆ ಯಾವುದಕ್ಕೆ? ಅನ್ನಕ್ಕಲ್ಲ, ಉಣ್ಣುವವನ ಸುಖಕ್ಕೂ ಅಲ್ಲ. ತನ್ನ ದೇಹದ ಎಚ್ಚರಿಕೆಯನ್ನು ಅವನು ಮೀರಿದ್ದಕ್ಕೆ.

ಹೀಗಿದ್ದರೂ ಸ್ಥೂಲತೆಯನ್ನು ಮೆಚ್ಚುವ ನಮ್ಮ ಹಿರಿಯರ ಮಾತನ್ನು ಇದೇ ಸಾಲಿನಲ್ಲಿಟ್ಟು ನಿಂದಿಸುವುದು ನ್ಯಾಯವಲ್ಲ. “ಹುಡುಗಿ ಮೈಕೈ ತುಂಬಿಕೊಂಡಿದ್ದಾಳೆ” ಎಂಬುದು ಹೊಗಳಿಕೆಯ ಮಾತು. “ಒಣಕಲು” ಎಂಬುದು ಬೈಗುಳ. ಇದರ ಹಿಂದೆ ಬರಗಾಲದ ನೆನಪಿದೆ. 1876-78ರ ಮಹಾಕ್ಷಾಮವನ್ನು, ಧಾತು ಈಶ್ವರ ಸಂವತ್ಸರಗಳ ಬರವನ್ನು ಕಂಡ ನಾಡಿದು. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಶ್ರೀರಂಗಪಟ್ಟಣ, ಪಾಂಡವಪುರಗಳ ಬಯಲು ಹಸಿರಾಯಿತು. ಭತ್ತ ಬಂತು, ಕಬ್ಬು ಬಂತು, ಆಲೆಮನೆಗಳು ಎದ್ದವು. ನಾಗಮಂಗಲದ ಕಡೆಯಾದರೋ ಬಹುಕಾಲ ಮಳೆಯನ್ನೇ ನಂಬಿದ ರಾಗಿ, ಹುರುಳಿಗಳ ಸೀಮೆಯಾಗಿಯೇ ಉಳಿಯಿತು. ಅಂಥಲ್ಲಿ ತುಂಬಿದ ಮೈಯೆಂದರೆ ಕಣಜದಲ್ಲಿ ಕಾಳಿದೆಯೆಂಬುದರ ಗುರುತು. ಗಲ್ಲಾ ಪೆಟ್ಟಿಗೆಯ ಹಿಂದೆ ಕುಳಿತ ಶೆಟ್ಟರ ಹೊಟ್ಟೆಯೂ ಅಂಗಡಿಯ ಬೋರ್ಡಿನಷ್ಟೇ ನಂಬಿಕೆಯ ಚಿಹ್ನೆಯಾಗಿತ್ತು. ಈ ಮೆಚ್ಚುಗೆ ಹುಟ್ಟಿದ್ದು ಹಸಿವಿನ ಭಯದಿಂದ; ಭೋಗದ ಹೊಸ ರುಚಿಯಿಂದಲ್ಲ.

ಹೊರದೇಶಗಳಲ್ಲಿಯೂ ಈ ಎರಡು ಬಗೆಗಳಿವೆ. ಆಫ್ರಿಕದ ಮಾರಿಟೇನಿಯ ದೇಶದಲ್ಲಿ ‘ಲೆಬ್ಲೂಹ್’ ಎಂಬ ಪದ್ಧತಿಯಿದೆ. ಮದುವೆಯ ದೃಷ್ಟಿಯಿಂದ ಎಳೆಯ ಹುಡುಗಿಯರಿಗೆ ಹಾಲನ್ನೂ ಧಾನ್ಯದ ಗಂಜಿಯನ್ನೂ ಬಲವಂತವಾಗಿ ಕುಡಿಸಿ ಮೈ ಬೆಳೆಸುವುದು ಅದರ ಕ್ರಮ. ಈಗ ಅದು ಹಿಂದಿಗಿಂತ ಕಡಿಮೆಯಾಗಿದೆ. ಇಥಿಯೋಪಿಯದ ಓಮೋ ಕಣಿವೆಯ ಬೋಡಿ ಜನರಲ್ಲಿ ಗಂಡಸರು ತಿಂಗಳುಗಟ್ಟಲೆ ಗುಡಿಸಿಲಿನಲ್ಲಿದ್ದು ಹಸುವಿನ ಹಾಲನ್ನೂ ರಕ್ತವನ್ನೂ ಕುಡಿದು ಮೈ ಹೆಚ್ಚಿಸಿಕೊಳ್ಳುತ್ತಾರೆ. ಎಲ್ಲರಿಗಿಂತ ದಪ್ಪನಾದವನಿಗೆ ವೀರನ ಮರ್ಯಾದೆ. ಇವೆರಡೂ ಪಶುಪಾಲಕರ, ಅಭಾವವನ್ನು ಬಲ್ಲವರ ಸಮಾಜಗಳು ಎಂಬುದು ಗಮನಾರ್ಹ. ಅಮೆರಿಕದ ಕಥೆ ಬೇರೆ. ಅಲ್ಲಿ 1969ರಲ್ಲಿ ಬಿಲ್ ಫ್ಯಾಬ್ರಿ ಎಂಬುವರು, ಸ್ಥೂಲಳಾದ ತಮ್ಮ ಪತ್ನಿಗೆ ಸಮಾಜದಲ್ಲಿ ಆಗುತ್ತಿದ್ದ ಅವಮಾನವನ್ನು ಸಹಿಸದೆ, ಸ್ಥೂಲಕಾಯರ ಗೌರವಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಕೆಲಸದಲ್ಲಿ, ಆಸ್ಪತ್ರೆಯಲ್ಲಿ, ಬೀದಿಯಲ್ಲಿ ದಪ್ಪಗಿನವರನ್ನು ಹೀನಾಯವಾಗಿ ಕಾಣಬಾರದೆಂಬುದು ಅದರ ವಾದ. ಈ ವಾದದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಇದರ ಮಗ್ಗುಲಲ್ಲಿಯೇ ಬೆಳೆದ ಮತ್ತೊಂದು ರುಚಿಯು ಇರುವ ದೇಹವನ್ನು ಗೌರವಿಸುವುದರಲ್ಲಿ ತೃಪ್ತವಾಗದೆ, ಅದು ಇನ್ನೂ ಬೆಳೆಯಲಿ ಎಂದು ಬಯಸುತ್ತದೆ. ಗೌರವಕ್ಕೂ ಈ ಬಯಕೆಗೂ ನಡುವಿನ ಗೆರೆಯನ್ನು ಗುರುತಿಸುವುದೇ ವಿಮರ್ಶಕನ ಕೆಲಸ.

ನಮ್ಮ ಮನೆಗಳಿಗೆ ಈ ವಿಷಯ ಬಂದದ್ದು ತೆರೆಯ ಮೂಲಕ. 2015ರ ನವೆಂಬರ್ ತಿಂಗಳಲ್ಲಿ ಬಿಡುಗಡೆಯಾದ ‘ಸೈಜ್ ಜೀರೋ’ ಎಂಬ ತೆಲುಗು ಚಿತ್ರದ ನಾಯಕಿ ದಕ್ಷಿಣ ಕನ್ನಡ ಮೂಲದ ಅನುಷ್ಕಾ ಶೆಟ್ಟಿ. ನಿರ್ದೇಶಕ ಪ್ರಕಾಶ್ ಕೋವೆಲಮೂಡಿ. ದಪ್ಪಗಿರುವ ಮಗಳಿಗೆ ವರ ಸಿಗದೆಂದು ಚಡಪಡಿಸುವ ತಾಯಿ, ಬಂದ ವರಗಳ ಮುಂದೆ ಮತ್ತೆ ಮತ್ತೆ ಕುಳಿತುಕೊಳ್ಳಬೇಕಾದ ಮಗಳು, ಅಲ್ಪಕಾಲದಲ್ಲಿ ತೂಕ ಇಳಿಸುವುದಾಗಿ ನಂಬಿಸುವ ಒಂದು ಕೇಂದ್ರ, ಅದರ ಒಡೆಯನಾಗಿ ನಮ್ಮವರೇ ಆದ ಪ್ರಕಾಶ್ ರೈ. ಆ ಕೇಂದ್ರದ ಚಿಕಿತ್ಸೆಯಿಂದ ಗೆಳತಿಯ ಆರೋಗ್ಯ ಕೆಟ್ಟಾಗ ನಾಯಕಿ ಅದರ ವಿರುದ್ಧ ಹೋರಾಟಕ್ಕೆ ನಿಲ್ಲುತ್ತಾಳೆ. ಚಿತ್ರದ ಸದುದ್ದೇಶದಲ್ಲಿ ಸಂದೇಹವಿಲ್ಲ. ದಪ್ಪಗಿನವರೆಂದರೆ ಕಾಲು ಜಾರಿ ಬೀಳಿಸಿ ನಗಿಸಲಿಕ್ಕೆ ಮಾತ್ರ ಎಂದುಕೊಂಡಿದ್ದ ದಕ್ಷಿಣದ ಚಿತ್ರರಂಗದಲ್ಲಿ, ಅಂಥ ಒಬ್ಬಳ ಮನಸ್ಸಿನ ಒಳಗಿನಿಂದ ಕಥೆ ಹೇಳಲು ಹೊರಟದ್ದು ಶ್ಲಾಘನೀಯವೇ. ತಾಯಿಯ ಪಾತ್ರವು ದುಷ್ಟಳದ್ದಲ್ಲ, ಹೆದರಿದವಳದ್ದು. ಈ ಚಿತ್ರಣದಲ್ಲಿ ಸತ್ಯವಿದೆ.

ನನ್ನ ಆಕ್ಷೇಪ ಚಿತ್ರದ ಕಥೆಗಿಂತ ಅದನ್ನು ಮಾಡಿದ ರೀತಿಗೆ ಸಂಬಂಧಿಸಿದ್ದು. ಈ ಪಾತ್ರಕ್ಕಾಗಿ ನಟಿ ಸುಮಾರು 20 ಕಿಲೋ ತೂಕವನ್ನು ಬೇಕೆಂದೇ ಏರಿಸಿಕೊಂಡರೆಂದು ಆಗ ವರದಿಯಾಗಿತ್ತು. ಆಮೇಲೆ ಅದನ್ನು ಇಳಿಸುವುದು ಸುಲಭವಾಗಲಿಲ್ಲವೆಂಬುದೂ ಸುದ್ದಿಯಾಯಿತು. ಹೀಗೆ ದೇಹದ ಮೇಲೆ ಬಲಾತ್ಕಾರ ಮಾಡಬೇಡಿರೆಂದು ಸಾರುವ ಚಿತ್ರಕ್ಕಾಗಿಯೇ ಒಂದು ದೇಹದ ಮೇಲೆ ಭಾರ ಹೇರಲಾಯಿತು. ಪ್ರೇಕ್ಷಕರು ಆ ಭಾರವನ್ನೇ ಹೆಚ್ಚಾಗಿ ಕೊಂಡಾಡಿದರು. ಮರುವರ್ಷ ‘ದಂಗಲ್’ ಚಿತ್ರಕ್ಕಾಗಿ ಆಮಿರ್ ಖಾನ್ 97 ಕಿಲೋ ಮುಟ್ಟಿದಾಗಲೂ ಇದೇ ಆಯಿತು. 2022ರಲ್ಲಿ ಬಂದ ಹಿಂದಿಯ ‘ಡಬಲ್ ಎಕ್ಸ್‌ಎಲ್’ ಚಿತ್ರಕ್ಕೆ ಇಬ್ಬರು ನಾಯಕಿಯರು ಮೈ ಹೆಚ್ಚಿಸಿಕೊಂಡರು. ಇಂಥದ್ದನ್ನು ‘ತಪಸ್ಸು’ ಎಂದು ಹೊಗಳುವ ರೂಢಿ ಬೆಳೆದಿದೆ. ಈ ಪದಪ್ರಯೋಗವನ್ನು ನಾವಾದರೂ ಒಪ್ಪಬಾರದು. ಪ್ರೇಕ್ಷಕರನ್ನು ಅಪೇಕ್ಷಿಸುವ ದೇಹದಂಡನೆಗೆ ತಪಸ್ಸೆಂಬ ಹೆಸರು ಸಲ್ಲದು.

ಕನ್ನಡದಲ್ಲಿ 2017ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಆರಂಭವಾದ ‘ಬ್ರಹ್ಮಗಂಟು’ ಧಾರಾವಾಹಿಯು ಇದಕ್ಕಿಂತ ಪ್ರಾಮಾಣಿಕವಾದ ಮಾರ್ಗವನ್ನು ಹಿಡಿಯಿತು. ಸ್ವಭಾವತಃ ದಪ್ಪಗಿದ್ದ ಗೀತಾ ಭಾರತಿ ಭಟ್ ಅವರನ್ನೇ ನಾಯಕಿಯಾಗಿ ಮಾಡಿತು. ಯಾರ ಮೈಗೂ ಭಾರ ಹೇರಬೇಕಾಗಲಿಲ್ಲ. ಮನೆಮನೆಯ ಹೆಂಗಸರು ಸಂಜೆಯ ಹೊತ್ತು ಆ ಹುಡುಗಿಯ ಸುಖದುಃಖಗಳಲ್ಲಿ ಪಾಲುಗೊಂಡರು. ಆದರೂ ಒಂದು ಕೊರತೆ ನನಗೆ ಕಂಡಿತು. ದಪ್ಪಗಿನ ಹುಡುಗಿ ಪ್ರೀತಿಗೆ ಅರ್ಹಳೆನಿಸಬೇಕಾದರೆ ಉಳಿದವರಿಗಿಂತ ಹತ್ತು ಪಟ್ಟು ಒಳ್ಳೆಯವಳಾಗಿರಬೇಕು, ಎಲ್ಲವನ್ನೂ ಸಹಿಸಬೇಕು ಎಂಬ ಧ್ವನಿ ಅದರಲ್ಲಿತ್ತು. ತೆಳ್ಳಗಿನ ನಾಯಕಿಗೆ ಈ ಹೆಚ್ಚಿನ ತೆರಿಗೆ ಇಲ್ಲ.

ಇನ್ನು ಶಾಸ್ತ್ರದ ಒರೆಗಲ್ಲಿಗೆ ಬರೋಣ. ನಮ್ಮ ಕರ್ಮಸಿದ್ಧಾಂತದ ಪ್ರಕಾರ ದೇಹದ ಆಕಾರವು ನಾಮಕರ್ಮದ ಫಲ. ಸಮಚತುರಸ್ರದಿಂದ ಹುಂಡಕದವರೆಗೆ ಆರು ಸಂಸ್ಥಾನಗಳನ್ನು ಆಚಾರ್ಯರು ಎಣಿಸಿದ್ದಾರೆ. ಈ ಆರರಲ್ಲಿ ಯಾವುದು ದೊರೆತರೂ ಸಮ್ಯಕ್ತ್ವದ ಬಾಗಿಲು ಮುಚ್ಚುವುದಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ‘ನಿರ್ವಿಚಿಕಿತ್ಸೆ’ ಒಂದು. ಇನ್ನೊಬ್ಬರ ದೇಹವನ್ನು ಕಂಡು ಹೇಸದಿರುವುದು ಅದರ ತಿರುಳು. ರೋಗಿಯಾದ ಮುನಿಯ ವೇಷದಲ್ಲಿ ಬಂದ ದೇವನು ತನ್ನ ಮೇಲೆಯೇ ವಾಂತಿ ಮಾಡಿಕೊಂಡರೂ ಅಸಹ್ಯಪಡದೆ ಉಪಚರಿಸಿದ ಉದ್ದಾಯನ ರಾಜನ ಕಥೆಯನ್ನು ನಮ್ಮ ಮಕ್ಕಳು ಪಾಠಶಾಲೆಯಲ್ಲಿ ಕಲಿಯುತ್ತಾರೆ. ಅದೇ ಮಕ್ಕಳು ಶಾಲೆಯಲ್ಲಿ ದಪ್ಪಗಿನ ಸಹಪಾಠಿಯನ್ನು ‘ಡುಮ್ಮ’ ಎಂದು ಕೂಗಿದರೆ ಆ ಪಾಠ ನಿಷ್ಫಲ. ಹೇಸಿಗೆ ಒಂದು ದೋಷವಾದರೆ ಅದರ ವಿರುದ್ಧ ತುದಿಯಲ್ಲಿ ಇನ್ನೊಂದು ದೋಷವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕೊನೆಯದು ವಪುಮದ, ಅಂದರೆ ದೇಹದ ಗರ್ವ. ದೇಹವನ್ನು ಹೇಸಬಾರದು, ಅದರಿಂದ ಬೀಗಲೂಬಾರದು.

ಪ್ರಸ್ತುತ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದ ಮಾತು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಅಲ್ಲಿ ಹೇಳಲಾಗಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಶಕ್ತಿ ಮೀರಿ ಭಾರ ಹೇರುವುದು ನಾಲ್ಕನೆಯದು. ಅನ್ನನೀರು ತಡೆಯುವುದು ಐದನೆಯದು. ಇವನ್ನು ಗಾಡಿಯ ಎತ್ತು, ಮನೆಯ ಆಳುಗಳ ವಿಷಯದಲ್ಲಿ ಹೇಳುವುದು ವಾಡಿಕೆ. ಕಬ್ಬಿನ ಗಾಡಿಗೆ ಹೆಚ್ಚು ಹೊರೆ ಹಾಕಿದಾಗ ಎತ್ತಿನ ಕಣ್ಣು ಹೊರಬರುವುದನ್ನು ಪಾಂಡವಪುರದ ರಸ್ತೆಯಲ್ಲಿ ನಿಂತು ನೋಡಿದವರಿಗೆ ಅತಿಭಾರಾರೋಪಣದ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ. ಈ ಎರಡು ಅತಿಚಾರಗಳನ್ನು ಮನುಷ್ಯದೇಹಕ್ಕೂ ವಿಸ್ತರಿಸಬೇಕೆಂಬುದು ನನ್ನ ನಿವೇದನೆ. ಮದುವೆಗಾಗಿ ಹುಡುಗಿಗೆ ಹೊಟ್ಟೆಗೆ ಹಾಕದೆ ಒಣಗಿಸುವುದು ಅನ್ನಪಾನನಿರೋಧ. ತನ್ನ ಕಣ್ಣಿನ ಸುಖಕ್ಕಾಗಿ ಇನ್ನೊಬ್ಬರ ಎಲುಬು, ಮಂಡಿ, ಹೃದಯಗಳ ಮೇಲೆ ಕಿಲೋಗಟ್ಟಲೆ ಕೊಬ್ಬು ಏರಿಸುವುದು ಅತಿಭಾರಾರೋಪಣ. ಸೂತ್ರಕಾರರು ಇವೆರಡನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕದಲ್ಲಿ ಇಟ್ಟಿದ್ದಾರೆ.

“ತಿನ್ನುವವರು ಒಪ್ಪಿಯೇ ತಿನ್ನುತ್ತಾರೆ, ಉಣಿಸುವವರು ಪ್ರೀತಿಯಿಂದಲೇ ಉಣಿಸುತ್ತಾರೆ, ಇದರಲ್ಲಿ ಹಿಂಸೆ ಎಲ್ಲಿ?” ಎಂದು ಕೇಳಬಹುದು. ಪ್ರಶ್ನೆ ಗಂಭೀರವಾದದ್ದು. ಇಂದಿನ ಕಾನೂನು ಒಪ್ಪಿಗೆಯ ಹತ್ತಿರ ನಿಲ್ಲುತ್ತದೆ. ನಮ್ಮ ಧರ್ಮ ಅದರಾಚೆಗೂ ಹೋಗುತ್ತದೆ. ಪ್ರಮಾದದಿಂದ ತನ್ನ ಪ್ರಾಣಕ್ಕೆ ಘಾತ ಮಾಡಿಕೊಂಡರೂ ಅದು ಹಿಂಸೆಯೇ. ಅಲ್ಲದೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿಂದಲೂ ಕರ್ಮಬಂಧವಾಗುತ್ತದೆ. ತಿನ್ನುವವನದು ಕೃತ, ಉಣಿಸುವವನದು ಕಾರಿತ, ಚಪ್ಪಾಳೆ ತಟ್ಟುವ ನಮ್ಮದು ಅನುಮೋದನೆ. ಸಕ್ಕರೆ ಕಾಯಿಲೆ, ಮಂಡಿಸವೆತ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹೃದಯದ ದೌರ್ಬಲ್ಯ ಇವು ಅತಿ ಸ್ಥೂಲತೆಯನ್ನು ಹಿಂಬಾಲಿಸುವುದು ವೈದ್ಯರೆಲ್ಲರೂ ಬಲ್ಲ ವಿಷಯ. ಮೈ ಬೆಳೆದು ಎದ್ದು ಓಡಾಡಲಾಗದ ಸ್ಥಿತಿಗೆ ಬಂದವರು ಉಣಿಸುವವರಿಗೆ ಅಧೀನರಾಗುತ್ತಾರೆ. ಆಗ ಮೊದಲಿನ ಒಪ್ಪಿಗೆಗೆ ಏನು ಬೆಲೆ?

ಹಾಗೆಂದು ದಪ್ಪಗಿನ ಹೆಂಡತಿಯನ್ನು ಗಂಡ ಪ್ರೀತಿಸುವುದಾಗಲಿ, ದಪ್ಪಗಿನ ಗಂಡನನ್ನು ಹೆಂಡತಿ ಮೆಚ್ಚುವುದಾಗಲಿ ದೋಷವಲ್ಲ. ಅದು ಸ್ವದಾರಸಂತೋಷ ವ್ರತಕ್ಕೆ ಅನುಗುಣವೇ. ಇರುವುದರಲ್ಲಿ ತೃಪ್ತಿ ಸಂತೋಷವೆನಿಸುತ್ತದೆ. “ಇನ್ನೂ ಹತ್ತು ಕಿಲೋ ಬೆಳೆಯಲಿ” ಎಂದಾಗಲಿ “ಹತ್ತು ಕಿಲೋ ಇಳಿಯಲಿ, ಆಮೇಲೆ ನೋಡೋಣ” ಎಂದಾಗಲಿ ಕರಾರು ಹಾಕಿದಾಗ ಅದು ಪರಿಗ್ರಹದ ಬುದ್ಧಿಯಾಗುತ್ತದೆ; ಸಂಗಾತಿಯ ದೇಹವು ತನ್ನ ದಾಸ್ತಾನಿನ ಸರಕಾಗುತ್ತದೆ.

ಉಣಿಸುವುದನ್ನೂ ನಮ್ಮ ಧರ್ಮ ಶಿಸ್ತಿಗೆ ಒಳಪಡಿಸಿದೆ. ಚತುರ್ವಿಧ ದಾನಗಳಲ್ಲಿ ಆಹಾರದಾನ ಮುಖ್ಯವಾದದ್ದು. ಆದರೆ ಮುನಿಗಳಿಗೆ ಆಹಾರ ನೀಡುವ ಶ್ರಾವಕನು ಮುನಿಯ ಕೈಮುಚ್ಚುವುದನ್ನು ಕಂಡ ಕೂಡಲೇ ಬಡಿಸುವುದನ್ನು ನಿಲ್ಲಿಸುತ್ತಾನೆ. ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಪೂರ್ಣಾಹಾರವೆಂದು ಮೂಲಾಚಾರ ಹೇಳುತ್ತದೆ. ಅದಕ್ಕಿಂತ ಕಡಿಮೆ ಉಣ್ಣುವುದು ಅವಮೌದರ್ಯವೆಂಬ ಬಾಹ್ಯ ತಪಸ್ಸು. ಹೊಟ್ಟೆಯ ಅರ್ಧವನ್ನು ಅನ್ನಕ್ಕೆ, ಕಾಲುಭಾಗವನ್ನು ನೀರಿಗೆ ಬಿಟ್ಟು ಉಳಿದ ಕಾಲುಭಾಗವನ್ನು ಗಾಳಿಗೆಂದು ಖಾಲಿ ಬಿಡಬೇಕೆಂಬುದೂ ಅದರ ನಿಯಮ. ಉಣ್ಣುವವನ ಹಿತದಲ್ಲಿ ನಿಲ್ಲುವ ಕೈ ದಾನಿಯದು. ತನ್ನ ತೃಪ್ತಿ ತೀರುವವರೆಗೂ ನಿಲ್ಲದ ಕೈ ಲೋಭಿಯದು.

ಇನ್ನೊಂದು ಆಕ್ಷೇಪ ಬರಬಹುದು. ಉಪವಾಸ, ಸಲ್ಲೇಖನಗಳನ್ನು ಕೊಂಡಾಡುವ ಜೈನರು ಕೃಶದೇಹದ ಪಕ್ಷಪಾತಿಗಳಲ್ಲವೇ? 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟು ಸಂಥಾರವನ್ನು ಅಪರಾಧವೆಂದು ತೀರ್ಪಿತ್ತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಅದಕ್ಕೆ ತಡೆಯಾಜ್ಞೆ ನೀಡಿದಾಗ ಈ ಪ್ರಶ್ನೆ ಹೊರಗಿನವರಿಂದ ಬಹಳ ಕೇಳಿಬಂತು. ಉತ್ತರ ಸ್ಪಷ್ಟವಾಗಿದೆ. ಸಲ್ಲೇಖನದಲ್ಲಿ ಕಾಯದೊಡನೆ ಕಷಾಯಗಳೂ ಕೃಶವಾಗಬೇಕು. ಕ್ರೋಧ, ಮಾನ, ಮಾಯೆ, ಲೋಭಗಳು ಹಾಗೆಯೇ ಉಳಿದು ಮೈ ಮಾತ್ರ ಸೊರಗಿದರೆ ಅದಕ್ಕೆ ಧರ್ಮದ ಹೆಸರಿಲ್ಲ. ಕೃಷ್ಣರಾಜಪೇಟೆ, ನಾಗಮಂಗಲಗಳಿಂದ ಅನತಿದೂರದಲ್ಲಿರುವ ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯೇ ಇದಕ್ಕೆ ಸಾಕ್ಷಿ. ಒಂದು ವರ್ಷ ನಿರಾಹಾರನಾಗಿ ಕಾಯೋತ್ಸರ್ಗದಲ್ಲಿ ನಿಂತವನನ್ನು, ಸುಮಾರು ಕ್ರಿ.ಶ. 981ರಲ್ಲಿ ಚಾವುಂಡರಾಯನ ಶಿಲ್ಪಿಗಳು ಎಲುಬು ಕಾಣುವಂತೆ ಕಡೆಯಲಿಲ್ಲ. ತುಂಬಿದ ತೋಳು, ಅಗಲವಾದ ಎದೆ, ಶಾಂತವಾದ ಮುಖವಿತ್ತು ಕಡೆದರು. ಮೈಗೆ ಬಳ್ಳಿ ಹಬ್ಬಿದರೂ ಅವನ ಗಮನ ಅಲ್ಲಿಲ್ಲ. ಇದೇ ಪರಂಪರೆಯು ಹೊಟ್ಟೆ ಮುಂದಾದ ಯಕ್ಷರನ್ನೂ ಬಸದಿಗಳಿಂದ ಹೊರಗಿಡಲಿಲ್ಲ.

ವ್ಯಾಪಾರಿಯಾದ ನಾನು ಈ ವಿಷಯದ ಅಂಗಡಿಯ ಮುಖವನ್ನೂ ಹೇಳಬೇಕು. ಮೈ ಹೆಚ್ಚಿಸುವ ಪುಡಿಯ ಡಬ್ಬಿ, ಮೈ ಇಳಿಸುವ ಪುಡಿಯ ಡಬ್ಬಿ ಇಂದು ಒಂದೇ ಕಪಾಟಿನಲ್ಲಿ ಕೂಡುತ್ತವೆ. ಎರಡಕ್ಕೂ ಬಂಡವಾಳ ಒಂದೇ: ಗಿರಾಕಿಗೆ ತನ್ನ ಮೈಯ ಮೇಲಿರುವ ಅತೃಪ್ತಿ. ದೇಶದ ಹಲವೆಡೆ ದಪ್ಪವಾಗಲು ಗುಟ್ಟಾಗಿ ಮಾರುವ ಗುಳಿಗೆ, ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಕಂಡುಬಂದಿದೆ. ಮುಖ ಉಬ್ಬುವುದನ್ನೇ ಆರೋಗ್ಯವೆಂದು ತಿಳಿದು ತಿನ್ನುವವರ ರಕ್ತದಲ್ಲಿ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ಇನ್ನು ಸ್ಥೂಲತೆಗೆ ಮದ್ದೆಂದು ಜಾಹೀರಾತು ನೀಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದ್ದರೂ ಗೋಡೆಗಳ ಮೇಲೆ ಅದು ನಿಂತಿಲ್ಲ. ಶ್ರಾವಕನಿಗೆ ನಿಷಿದ್ಧವಾದ ವ್ಯಾಪಾರಗಳಲ್ಲಿ ವಿಷವಾಣಿಜ್ಯವೂ ಒಂದು. ಲಾಭ ಹೆಚ್ಚೆಂದು ಇಂಥ ಸರಕನ್ನು ಇಡುವ ನಮ್ಮವರು ಈ ಮಾತನ್ನು ಯೋಚಿಸಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಮಹಿಳೆಯರಲ್ಲಿ ಶೇಕಡಾ 24 ಮಂದಿಗೆ ತೂಕ ಹೆಚ್ಚು, ಶೇಕಡಾ 18.7 ಮಂದಿಗೆ ತೂಕ ಸಾಲದು. ಎರಡು ಬಗೆಯ ಕಷ್ಟವೂ ಒಂದೇ ನಾಡಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಇದೆ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು ಕೇವಲ 21. ಇದನ್ನು ಓದಿ ಮರುಗಿದ ನಾವೇ ಮರುದಿನ ವಧುವನ್ನು ನೋಡಲು ಹೋದಾಗ ಏನು ಮಾತಾಡುತ್ತೇವೆ?

ಆದ್ದರಿಂದ ಬಸದಿಗಳ ಟ್ರಸ್ಟಿನವರಲ್ಲಿಯೂ ಕುಟುಂಬಗಳ ಹಿರಿಯರಲ್ಲಿಯೂ ನನ್ನ ಕೆಲವು ವಿನಂತಿಗಳಿವೆ. ಸಮಾಜದ ಪತ್ರಿಕೆಗಳ ವಧೂವರಾನ್ವೇಷಣೆಯ ಪ್ರಕಟಣೆಗಳಲ್ಲಿ ‘ತೆಳ್ಳಗಿನ’ ಎಂಬ ವಿಶೇಷಣವನ್ನು ಸ್ವೀಕರಿಸದಿರುವುದು ಒಳಿತು. ವಿದ್ಯೆ, ಆಚಾರ, ಆರೋಗ್ಯಗಳನ್ನು ಕೇಳಿದರೆ ಸಾಕು. ವಾರ್ಷಿಕ ಪೂಜೆ, ಮಹಾವೀರ ಜಯಂತಿಗಳ ಸಂತರ್ಪಣೆಯಲ್ಲಿ ಬೇಡವೆಂದವರ ಎಲೆಗೆ ಬಲವಂತವಾಗಿ ಹೋಳಿಗೆ ಹಾಕುವುದನ್ನು ಉಪಚಾರವೆಂದು ತಿಳಿಯುವ ರೂಢಿ ನಿಲ್ಲಲಿ. ಯುವಕ ಸಂಘಗಳು ವಿನೋದಕ್ಕೆಂದು ತಿನ್ನುವ ಸ್ಪರ್ಧೆಗಳನ್ನು ಏರ್ಪಡಿಸದಿರಲಿ. ಪಾಠಶಾಲೆಗಳಲ್ಲಿ ಉದ್ದಾಯನನ ಕಥೆಯನ್ನು ಹೇಳುವಾಗ, ಅದು ದಪ್ಪಗಿನ, ಕುಳ್ಳಗಿನ, ಕಪ್ಪಗಿನ ಗೆಳೆಯರಿಗೂ ಸಂಬಂಧಿಸಿದ್ದೆಂದು ಗುರುಗಳು ಒಂದು ಮಾತು ಸೇರಿಸಲಿ. ಮೈತೂಕದಿಂದ ಕಷ್ಟಪಡುವವರನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು ನಮ್ಮ ಕರ್ತವ್ಯ. ಅವರಿಗೆ ಹೀಯಾಳಿಕೆ ಬೇಡ, ಚಪ್ಪಾಳೆಯೂ ಬೇಡ.

ತಕ್ಕಡಿಯ ಮುಂದೆ ನಲವತ್ತು ವರ್ಷ ಕುಳಿತವನಾಗಿ ಒಂದು ಮಾತನ್ನು ನಿಶ್ಚಯವಾಗಿ ಹೇಳಬಲ್ಲೆ. ತೂಕವು ಸರಕಿನ ಗುಣವಲ್ಲ, ಅದರ ಪ್ರಮಾಣ ಮಾತ್ರ. ಬೆಲ್ಲದ ಅಚ್ಚು ಸಿಹಿಯೋ ಅಲ್ಲವೋ ಎಂಬುದನ್ನು ಕಲ್ಲು ಹೇಳಲಾರದು. ಮನುಷ್ಯರ ವಿಷಯದಲ್ಲಿಯೂ ಇದನ್ನು ನೆನಪಿನಲ್ಲಿಟ್ಟರೆ, ಹೇರುವ ಕೈಯೂ ತಡೆಯುವ ಕೈಯೂ ತಾವಾಗಿಯೇ ಹಿಂದೆ ಸರಿಯುವುವು.